ನಿರಾಯುಧನ ಶೌರ್ಯಕ್ಕೂ ಮಣೆ ಹಾಕೋಣ

ಯುದ್ಧದ ಚಲನಚಿತ್ರವೆಂದರೆ ಕೊಂದವನ ಕಥೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಎಷ್ಟು ತಲೆಗಳು ಉರುಳಿದವೋ ನಾಯಕ ಅಷ್ಟು ದೊಡ್ಡವನು. 2016ರಲ್ಲಿ ತೆರೆಕಂಡ, ಮೆಲ್ ಗಿಬ್ಸನ್ ನಿರ್ದೇಶನದ ‘ಹ್ಯಾಕ್ಸಾ ರಿಡ್ಜ್’ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಅದರ ನಾಯಕನ ಹಿರಿಮೆಯನ್ನು ಎಣಿಸಬೇಕಾದದ್ದು ಉಳಿದ ಜೀವಗಳಿಂದ.

ಡೆಸ್ಮಂಡ್ ಡಾಸ್ ಕಲ್ಪನೆಯ ಪಾತ್ರವಲ್ಲ. ಅಮೆರಿಕದ ವರ್ಜೀನಿಯಾದವನು. ಕೊಲ್ಲಬಾರದೆಂಬ ಧರ್ಮಾಜ್ಞೆಗೆ ಬದ್ಧನಾಗಿ ಬಂದೂಕು ಮುಟ್ಟಲು ಒಪ್ಪದೆ, ಆದರೂ ದೇಶಸೇವೆಯಿಂದ ಹಿಂಜರಿಯದೆ ಸೈನ್ಯದ ವೈದ್ಯಕೀಯ ಸಹಾಯಕನಾದವನು. ಜೊತೆಗಾರರು ಅವನನ್ನು ಹೇಡಿಯೆಂದು ಹೀಯಾಳಿಸಿದರು. 1945ರ ಮೇ ತಿಂಗಳಲ್ಲಿ ಒಕಿನಾವಾ ದ್ವೀಪದ ಕಡಿದಾದ ಬಂಡೆಯ ಮೇಲೆ ಸೈನ್ಯ ಹಿಮ್ಮೆಟ್ಟಿದಾಗ ಆತ ಗಾಯಾಳುಗಳ ನಡುವೆಯೇ ಉಳಿದು, ಒಬ್ಬೊಬ್ಬರನ್ನೇ ಹಗ್ಗದಲ್ಲಿ ಕೆಳಗಿಳಿಸಿದನು. ಅಧಿಕಾರಿಗಳು ನೂರು ಮಂದಿ ಎಂದರು, ಆತ ಐವತ್ತು ಎಂದನು. ಕೊನೆಗೆ 75 ಎಂದು ದಾಖಲಾಯಿತು. ಅದೇ ವರ್ಷ ಅಧ್ಯಕ್ಷ ಟ್ರೂಮನ್ ಅವನಿಗೆ ಆ ದೇಶದ ಅತ್ಯುನ್ನತ ಶೌರ್ಯಪದಕವನ್ನು ತೊಡಿಸಿದರು.

‘ಉಳಿದವರು ಬಂದೂಕು ಹಿಡಿದಿದ್ದರಿಂದ ತಾನೇ ಅವನ ಅಹಿಂಸೆ ನಡೆಯಿತು?’ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ಗಡಿ ಕಾಯುವ ಯೋಧನ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬಂಡೆಯ ಮೇಲಿದ್ದ ಗಾಯಾಳುಗಳಲ್ಲಿ ಒಬ್ಬನನ್ನಾದರೂ ಯಾವ ಬಂದೂಕು ಕೆಳಗಿಳಿಸಿತು? ಕೊಲ್ಲಬಲ್ಲವನಿಗೆ ಧೈರ್ಯ ಬೇಕು, ನಿಜ. ಎದುರಾಳಿಯ ಗುಂಡಿನ ಮುಂದೆ ಬರಿಗೈಯಲ್ಲಿ ಹೋಗುವವನಿಗೆ ಬೇಕಾದುದು ಅದಕ್ಕಿಂತ ಕಡಿಮೆಯಾದ ಧೈರ್ಯವೇ? ಆ ಚಿತ್ರವೂ ರಕ್ತಪಾತವನ್ನು ಅಗತ್ಯಕ್ಕಿಂತ ಹೆಚ್ಚಾಗಿ ತೋರಿಸಿ, ತನ್ನ ನಾಯಕನ ಸಂಕೋಚವನ್ನು ತಾನು ಮರೆತಿದೆ. ಆದರೂ ಅದು ಎತ್ತಿದ ಪ್ರಶ್ನೆ ದೊಡ್ಡದು.

ಈ ಪ್ರಶ್ನೆ ನಮಗೆ ದೂರದ್ದಲ್ಲ. ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನಿಂದ 2000ದ ಜುಲೈ 30ರಂದು ಡಾ. ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದ. 108 ದಿನ ಎರಡು ರಾಜ್ಯಗಳು ಉಸಿರು ಬಿಗಿಹಿಡಿದವು. ಬಂದೂಕಿನ ಸದ್ದು ಈ ಕಾಡಿನ ಊರುಗಳಿಗೆ ಸಿನಿಮಾದ ಮೋಜಾಗಿರಲಿಲ್ಲ. ಆ ನರಹಂತಕನ ಕುರಿತು ಕನ್ನಡದಲ್ಲಿಯೇ 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ಬಂದವು. ಅವನ ಮೀಸೆಯನ್ನು ನಮ್ಮ ಮಕ್ಕಳೂ ಬಲ್ಲರು. ಪಿ. ಶ್ರೀನಿವಾಸರ ಹೆಸರನ್ನು ಎಷ್ಟು ಮಕ್ಕಳು ಬಲ್ಲರು?

ತೆಲುಗು ನಾಡಿನಲ್ಲಿ ಹುಟ್ಟಿ, ಕರ್ನಾಟಕದ ಅರಣ್ಯಾಧಿಕಾರಿಯಾಗಿದ್ದ ಶ್ರೀನಿವಾಸರು ಡಾಸ್‌ನಂತೆ ಶಸ್ತ್ರತ್ಯಾಗದ ವ್ರತ ತೊಟ್ಟವರಲ್ಲ. ವೀರಪ್ಪನನ್ನು ಒಮ್ಮೆ ಬಂಧಿಸಿದ್ದವರೂ ಅವರೇ. ಆದರೆ ಮಾದೇಶ್ವರನ ಬೆಟ್ಟದಾಚೆಯ ಗೋಪಿನಾಥಂನಲ್ಲಿ, ವೀರಪ್ಪನ ಹುಟ್ಟೂರಿನಲ್ಲಿಯೇ, ಅವರು ಬೇರೆ ದಾರಿ ಹಿಡಿದರು. ಬಡವರಿಗೆ ಮನೆ, ಕುಡಿಯುವ ನೀರು, ಔಷಧೋಪಚಾರ ಒದಗಿಸಿದರು. ಮಾರಿಯಮ್ಮನ ಗುಡಿ ಕಟ್ಟಿಸಿದರು. ದಾರಿ ತಪ್ಪಿದವರು ಶರಣಾಗುವಂತೆ ಮನವೊಲಿಸಿದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ ನಿರಾಯುಧರಾಗಿ ಕಾಡಿಗೆ ಹೋದವರನ್ನು 1991ರ ನವೆಂಬರ್ 10ರಂದು ಆತ ಕೊಂದನು. ಸರ್ಕಾರ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು.

‘ನಂಬಿ ಕೆಟ್ಟರು, ಅಹಿಂಸೆ ಸೋತಿತು’ ಎಂಬುದು ಸುಲಭದ ತೀರ್ಪು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ತಂಡದಲ್ಲಿ ಬಂದೂಕುಗಳಿರಲಿಲ್ಲವೇ? ಅಲ್ಲಿ ಬಂದೂಕು ಸೋತಿತು ಎಂದು ಯಾರೂ ಹೇಳಲಿಲ್ಲ. ಹುತಾತ್ಮರಾದರು ಎಂದೆವು, ಸರಿಯಾಗಿಯೇ ಎಂದೆವು. ಶಸ್ತ್ರಧಾರಿಯ ಸಾವು ಶೌರ್ಯ, ನಿರಾಯುಧನ ಸಾವು ಮೌಢ್ಯ ಎಂಬ ಎರಡು ತಕ್ಕಡಿ ಏಕೆ? ಬಂದೂಕುಗಳಿಗೂ ಆತನನ್ನು ಮುಗಿಸಲು 2004ರ ಅಕ್ಟೋಬರ್‌ವರೆಗೆ ಕಾಲ ಹಿಡಿಯಿತು. ಅಷ್ಟರಲ್ಲಿ ಕಳ್ಳನಿಗೂ ಕಾರ್ಯಪಡೆಗೂ ನಡುವೆ ಸಿಕ್ಕಿ ನಲುಗಿದವರು ಕಾಡಂಚಿನ ಬಡವರು. ಅವರ ದೂರುಗಳ ವಿಚಾರಣೆಗೆ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವರ ಸಮಿತಿಯನ್ನೇ ನೇಮಿಸಬೇಕಾಯಿತು. ಶ್ರೀನಿವಾಸರು ಹೋದ ಮೇಲೆಯೂ ಅವರನ್ನು ನೆನೆಯುವವರು ಗೋಪಿನಾಥಂನಲ್ಲಿ ಇದ್ದಾರೆ. ಭಯದಿಂದ ದೊರೆತ ವಿಧೇಯತೆಗೆ ಅಂಥ ಆಯುಸ್ಸಿಲ್ಲ.

ನಮ್ಮ ಚಿತ್ರರಂಗಕ್ಕೆ ಈ ದಾರಿ ಅಪರಿಚಿತವೇನಲ್ಲ. 1990ರ ‘ಮುತ್ತಿನ ಹಾರ’ದಲ್ಲಿ ಯೋಧನ ಜೊತೆಗೆ ಸೇನೆಯ ದಾದಿಯೂ ಕಥೆಯ ಕೇಂದ್ರದಲ್ಲಿದ್ದಳು. ಆ ದಾರಿಯಲ್ಲಿ ಮುಂದೆ ನಡೆಯುವವರು ಬೇಕು.

ಆದುದರಿಂದ ಸಂಘದ ಹಿರಿಯರಲ್ಲಿಯೂ ತಾಯಂದಿರಲ್ಲಿಯೂ ನನ್ನ ವಿನಂತಿ ಇಷ್ಟೆ. ಮಕ್ಕಳ ಛದ್ಮವೇಷಕ್ಕೆ ಆಟಿಕೆಯ ಬಂದೂಕು ಕೊಳ್ಳುವ ಮುನ್ನ ಒಂದು ಕ್ಷಣ ಯೋಚಿಸಿರಿ. ಬರುವ ವರ್ಷದ ವೇದಿಕೆಯಲ್ಲಿ ಶ್ರೀನಿವಾಸರ ಬದುಕು ಒಂದು ಕಿರುನಾಟಕವಾಗಲಿ. ಬರೆಯಬಲ್ಲವರು ಬರೆಯಲಿ, ಕಲಿಸಬಲ್ಲವರು ಕಲಿಸಲಿ. ಕೊಲ್ಲುವವನ ಹೆಸರು ಕಂಠಪಾಠವಾಗಿ, ಕಾಯುವವನ ಹೆಸರು ಮರೆತುಹೋದರೆ ಆ ತಪ್ಪು ಮಕ್ಕಳದಲ್ಲ, ಕಥೆ ಹೇಳಬೇಕಾದ ನಮ್ಮದು.