ಐವತ್ತರ ಜಪ ಸಾಕು ಮಾಡಿ, ಮೂವತ್ತೈದಕ್ಕೆ ಬನ್ನಿ

ಹೊಸದಾಗಿ ಕ್ಯಾಮೆರಾ ಕೊಂಡವರು "ಮುಂದೆ ಯಾವ ಲೆನ್ಸ್ ತಗೊಳ್ಲಿ?" ಅಂತ ಕೇಳಿದ್ರೆ ಸಾಕು, ಹತ್ತು ಜನ ಒಂದೇ ರಾಗ ತೆಗೀತಾರೆ. "50 ಎಂಎಂ ತಗೊಳ್ಳಿ. ಮನುಷ್ಯನ ಕಣ್ಣು ನೋಡಿದ ಹಾಗೇ ನೋಡುತ್ತೆ, ಬೆಲೆನೂ ಕಮ್ಮಿ. ಕಣ್ಣು ಮುಚ್ಕೊಂಡು ತಗೊಳ್ಳಿ." ಸರಿಯಾಗೇ ಹೇಳ್ತಾರೆ ಬಿಡಿ, ಕಣ್ಣು ಬಿಟ್ಟು ನೋಡಿದ್ರೆ ತಗೊಳ್ಳೋದು ಕಷ್ಟ :-)

ಆ ಲೆನ್ಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆ ಲೆನ್ಸೇ. ಆದ್ರೆ ಅದನ್ನ "ದಿನನಿತ್ಯದ ಲೆನ್ಸ್" ಅಂತ ಸಿಕ್ಕಸಿಕ್ಕವರ ಕೈಗೆಲ್ಲ ದಾಟಿಸೋದಿದೆಯಲ್ಲ, ಅದರ ಮೇಲೆ ನನ್ನ ತಕರಾರು. ಮನೆ, ಬೀದಿ, ಸಂತೆ, ನೆಂಟರು, ಮಕ್ಕಳು... ಇಷ್ಟಕ್ಕೂ ಒಂದೇ ಲೆನ್ಸ್ ಅಂದ್ರೆ ಅದು 35 ಎಂಎಂ. ಫುಲ್ ಫ್ರೇಮ್ ಕ್ಯಾಮೆರಾದ ಲೆಕ್ಕದಲ್ಲಿ ಹೇಳ್ತಿದೀನಿ.

ಯಾಕೆ ಅಂತೀರಾ? ಲೆಕ್ಕ ನೋಡಿ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ಅದಕ್ಕೆ 35 ಎಂಎಂ ಲೆನ್ಸ್ ಹಾಕಿದ್ರೆ ನೀವು ಎಷ್ಟು ದೂರ ನಿಂತಿದ್ದೀರೋ ಹೆಚ್ಚೂಕಮ್ಮಿ ಅಷ್ಟೇ ಅಗಲ ಫೋಟೋದಲ್ಲಿ ಬರುತ್ತೆ. ಹತ್ತಡಿ ದೂರಕ್ಕೆ ಹತ್ತಡಿ ಅಗಲ. ನೆನಪಿಟ್ಟುಕೊಳ್ಳೋಕೆ ಇದಕ್ಕಿಂತ ಸುಲಭದ ಲೆನ್ಸ್ ಇಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿಯೋ ಮೊದಲೇ ಏನೇನು ಬರುತ್ತೆ ಅಂತ ಗೊತ್ತಾಗಿರುತ್ತೆ. ಅದೇ ಹತ್ತಡಿಯಿಂದ 50ರಲ್ಲಿ ಸಿಗೋದು ಏಳಡಿ ಚಿಲ್ಲರೆ.

ಅದೂ ಫುಲ್ ಫ್ರೇಮಿನಲ್ಲಿ! ಹೊಸಬರು ಸಾಮಾನ್ಯವಾಗಿ ಕೊಳ್ಳೋದು ಎಪಿಎಸ್-ಸಿ ಅನ್ನೋ ಚಿಕ್ಕ ಸೆನ್ಸರಿನ ಕ್ಯಾಮೆರಾ. ನಿಕಾನ್ ಆದ್ರೆ 1.5, ಕ್ಯಾನನ್ ಆದ್ರೆ 1.6ರಿಂದ ಗುಣಿಸಬೇಕು. ಅಲ್ಲಿಗೆ ನಿಮ್ಮ 50 ಹೋಗಿ 75 ಅಥವಾ 80 ಆಯ್ತು. ಹತ್ತಡಿ ದೂರಕ್ಕೆ ಐದಡಿ ಅಗಲವೂ ದಕ್ಕಲ್ಲ. ಹತ್ತಕ್ಕೆ ಹನ್ನೆರಡಡಿ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅಜ್ಜಿ, ಮೊಮ್ಮಗಳು ಬಂದ್ರೆ ಅಜ್ಜ ಫೋಟೋದಿಂದಾಚೆ. ಇದನ್ನ ದಿನನಿತ್ಯದ ಲೆನ್ಸ್ ಅನ್ನೋದು ಹೇಗೆ?

"ಕಣ್ಣಿನ ಹಾಗೆ" ಅನ್ನೋ ಮಾತೂ ಅಷ್ಟೇ. ಪುಸ್ತಕದ ಪ್ರಕಾರ ಸೆನ್ಸರಿನ ಕರ್ಣದಷ್ಟು ಇರೋದು ನಾರ್ಮಲ್ ಲೆನ್ಸ್. ಫುಲ್ ಫ್ರೇಮಿನ ಕರ್ಣ 43 ಎಂಎಂ. 50 ಅದಕ್ಕಿಂತ ಏಳು ಜಾಸ್ತಿ, 35 ಎಂಟು ಕಮ್ಮಿ. ಇದರಲ್ಲಿ ಪವಿತ್ರವಾದದ್ದೇನಿದೆ? 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾಗೆ 50 ಎಂಎಂ ಲೆನ್ಸ್ ಕೂಡಿಸಿದ್ರು. ಆಮೇಲೆ ಅದೇ ರೂಢಿಯಾಯ್ತು. "ಕಾರ್ತಿಯೆ-ಬ್ರೆಸಾನ್ ಬಳಸ್ತಿದ್ದದ್ದು 50 ಅಲ್ವಾ?" ಅಂತೀರಿ. ಹೌದು, ಹೆಚ್ಚಾಗಿ ಅದನ್ನೇ ಬಳಸ್ತಿದ್ರು. ಆದ್ರೆ ಫಿಲ್ಮ್ ಮೇಲೆ ಅವರ 50 ಅಂದ್ರೆ 50ಯೇ, ನಿಮ್ಮ ಹಾಗೆ 75 ಅಲ್ಲ!

ಇನ್ನೊಂದು ಪಂಗಡ ಇದೆ. "ಒಂದು 18-200 ಝೂಮ್ ಹಾಕ್ಕೊಂಡ್ರೆ ಎಲ್ಲಾ ಬಂತಲ್ಲ" ಅನ್ನೋರು. ಹಗಲು ಹೊತ್ತು ಬಂತು, ನಿಜ. ಸಂಜೆ ಟ್ಯೂಬ್‌ಲೈಟ್ ಕೆಳಗೆ? ಆ ಝೂಮ್ ತುದಿಗೆ ಹೋದಾಗ ಎಫ್/5.6ಕ್ಕೆ ಇಳಿದಿರುತ್ತೆ. ಎಫ್/2ರ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಎಂಟು ಪಟ್ಟು ಬೆಳಕು ಒಳಗೆ ಬಿಡುತ್ತೆ. ನಮ್ಮ ದಿನದ ಅರ್ಧ ಬದುಕು ನಡೆಯೋದೇ ಸೂರ್ಯ ಮುಳುಗಿದ ಮೇಲೆ ಅಲ್ವಾ?

"ಮೊಬೈಲ್ ಇದೆಯಲ್ಲ" ಅನ್ನೋರಿಗೂ ಉತ್ತರ ಇದೆ. ಹೆಚ್ಚಿನ ಮೊಬೈಲುಗಳ ಮುಖ್ಯ ಕ್ಯಾಮೆರಾ ಸುಮಾರು 24ರಿಂದ 26 ಎಂಎಂ ಲೆಕ್ಕದ್ದು. ಹತ್ತಡಿಯಿಂದ ಹದಿನಾಲ್ಕು, ಹದಿನೈದಡಿ ಅಗಲ. ಜನ ಚಿಕ್ಕದಾಗಿ ಕಾಣ್ತಾರೆ ಅಂತ ಹತ್ತಿರ ಹೋಗ್ತೀವಿ. ಹತ್ತಿರ ಹೋದಷ್ಟೂ ಮೂಗು ದಪ್ಪ, ಅಂಚಿನಲ್ಲಿ ನಿಂತ ಅತ್ತಿಗೆಯ ಮುಖ ಎಳೆದ ಹಾಗೆ. ಮೊಬೈಲಿನವರಿಗೂ ಇದು ಅರ್ಥವಾದ ಹಾಗಿದೆ. 2023ರ ಐಫೋನ್ 15 ಪ್ರೊದಲ್ಲಿ ಮುಖ್ಯ ಕ್ಯಾಮೆರಾವನ್ನ 35 ಎಂಎಂಗೆ ಇಟ್ಟುಕೊಳ್ಳೋ ಅವಕಾಶ ಕೊಟ್ಟರು.

ಹಕ್ಕಿ ಹಿಂದೆ ಹೋಗೋರು, ಕ್ರಿಕೆಟ್ ತೆಗೆಯೋರು ಉದ್ದದ ಲೆನ್ಸೇ ಹಿಡೀಬೇಕು. ಅದರಲ್ಲಿ ವಾದ ಇಲ್ಲ. ಆದ್ರೆ ಮಿಂಚುಳ್ಳಿ ನಮ್ಮ ದಿನನಿತ್ಯ ಅಲ್ಲ, ಕಾಫಿ ಲೋಟ ದಿನನಿತ್ಯ.

ಇಷ್ಟಕ್ಕೂ ನನ್ನ ನಿಜವಾದ ಸಂಕಟ ಅಡಿ-ಇಂಚಿನದಲ್ಲ. 50ರ ಜಪದ ಜೊತೆ ಇನ್ನೊಂದು ಚಟ ಅಂಟಿಕೊಂಡು ಬಂದಿದೆ, ಹಿನ್ನೆಲೆ ಅಳಿಸೋದು. ಮುಖ ಒಂದು ಚೂಪಾಗಿರಬೇಕು, ಮಿಕ್ಕಿದ್ದೆಲ್ಲ ಬೆಣ್ಣೆ ಹಾಗೆ ಕರಗಬೇಕು. ಚೆನ್ನಾಗೇ ಕಾಣುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆ ಕರಗಿದ ಬೆಣ್ಣೆಯಲ್ಲಿ ಏನೇನಿತ್ತು ಹೇಳಿ? ಗೋಡೆಯ ಕ್ಯಾಲೆಂಡರು, ಮೂಲೆಯ ಒರಳುಕಲ್ಲು, ದೇವರ ಗೂಡು, ಕಿಟಕಿ ಸರಳಿಗೆ ನೇತುಹಾಕಿದ ಚೀಲ, ಹಜಾರದ ಕೆಂಪು ನೆಲ. ಅಮ್ಮನ ಮುಖದ ಫೋಟೋ ಪ್ರತಿ ಹಬ್ಬಕ್ಕೂ ತೆಗೀತೀವಿ. ಅಮ್ಮ ನಲವತ್ತು ವರ್ಷ ನಿಂತು ಅಡುಗೆ ಮಾಡಿದ ಜಾಗ ಎಷ್ಟು ಫೋಟೋದಲ್ಲಿದೆ? ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಹುಡುಕಿದ್ರೆ ಸಿಗೋದು ಹಸಿರು-ಹಳದಿ ಮಸುಕು ಮಾತ್ರ. 35 ಮನುಷ್ಯರನ್ನ ಅವರ ಜಾಗದ ಸಮೇತ ಹಿಡಿಯುತ್ತೆ. ನನ್ನ ಇಡೀ ವಾದ ಇಷ್ಟೇ.

ದುಡ್ಡು ಖರ್ಚು ಮಾಡಿ ಅಂತ ಹೇಳ್ತಿಲ್ಲ. ಎಪಿಎಸ್-ಸಿ ಇರೋರು ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನ 24ರ ಗುರುತಿಗೆ ತಿರುಗಿಸಿ, ಅಲ್ಲಾಡದ ಹಾಗೆ ಒಂದು ಟೇಪ್ ಅಂಟಿಸಿ. ಅದೇ ನಿಮ್ಮ 35. ಒಂದು ತಿಂಗಳು ಬಳಸಿ, ಹಿಡಿಸಿದ್ರೆ ಆಮೇಲೆ 23 ಅಥವಾ 24ರ ಲೆನ್ಸ್ ನೋಡಿ. ಕ್ಯಾನನ್ನಿನವರಿಗೆ 2014ರಲ್ಲಿ ಬಂದ ಚಪ್ಪಟೆ 24 ಎಂಎಂ ಎಫ್/2.8 ಇದೆ, ಜೇಬಿಗೆ ಹಾಕ್ಕೊಂಡು ಓಡಾಡಬಹುದು. ಹುಷಾರು, ಲೆನ್ಸ್ ಮೇಲೆ 35 ಅಂತ ಬರೆದಿದೆ ಅಂತ ಎಪಿಎಸ್-ಸಿಗೆ ಅದನ್ನೇ ತಂದ್ರೆ ಗುಣಾಕಾರ ಮತ್ತೆ ನಿಮ್ಮನ್ನ ಐವತ್ತರ ಮಡಿಲಿಗೇ ಹಾಕುತ್ತೆ!

ಐವತ್ತರ ಭಕ್ತರಿಗೆ ನನ್ನದೊಂದು ಸವಾಲು. ಈ ಭಾನುವಾರ ನಿಮ್ಮ ಮನೆಯ ಅಡುಗೆಮನೆಯಲ್ಲೇ, ಅಲ್ಲಿ ಕೆಲಸ ಮಾಡ್ತಿರೋರ ಎರಡು ಫೋಟೋ ತೆಗೀರಿ, ಒಂದು ನಿಮ್ಮ 50ರಲ್ಲಿ, ಒಂದು ಟೇಪ್ ಅಂಟಿಸಿದ 24ರಲ್ಲಿ. ಎರಡನ್ನೂ ಮನೆಯವರ ಮುಂದಿಟ್ಟು, ಇಪ್ಪತ್ತು ವರ್ಷ ಆದ್ಮೇಲೆ ಯಾವುದು ಬೇಕಾಗುತ್ತೆ ಅಂತ ಕೇಳಿ. ನನ್ನ ಜೊತೆ ಜಗಳಕ್ಕೆ ಆಮೇಲೆ ಬನ್ನಿ, ಕಾಯ್ತಿರ್ತೀನಿ.