ಕೇಳದೆ ಬದಲಿಸಿದ ಲಾಂಛನ

ಮಾನ್ಯ ಸಂಪಾದಕರೇ,

ಕ್ರೀಡಾ ಕ್ಲಬ್ಬೊಂದರ ಲಾಂಛನವು ಅದರ ಒಡೆಯರ ಹೆಸರಿನಲ್ಲಿ ನೋಂದಾಯಿತವಾದ ವ್ಯಾಪಾರಮುದ್ರೆಯಾಗಿರುವುದರಿಂದ, ಅದನ್ನು ಯಾವಾಗ ತಿದ್ದಬೇಕು, ಹೇಗೆ ತಿದ್ದಬೇಕೆಂಬುದು ಕೇವಲ ಆ ಒಡೆಯರ ಇಚ್ಛೆಗೆ ಬಿಟ್ಟ ವಿಷಯವೆಂದು ತಮ್ಮ ಪತ್ರಿಕೆಯ ವಾಚಕರೊಬ್ಬರು ಈಚೆಗೆ ಬರೆದುದನ್ನು ಓದಿದೆನು. ಕಾನೂನಿನ ದೃಷ್ಟಿಯಿಂದ ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಗದಪತ್ರಗಳಲ್ಲಿ ಕಾಣುವ ಸ್ವಾಮ್ಯವೊಂದುಂಟು, ಆ ಗುರುತನ್ನು ಎದೆಯ ಮೇಲೆ ಧರಿಸಿ ಬಿಸಿಲಿನಲ್ಲಿ ನಿಂತವರ ಸ್ವಾಮ್ಯವೊಂದುಂಟು. ಈ ಎರಡನೆಯದನ್ನು ಕುರಿತು, ಗಜೇಂದ್ರಗಡದ ಬೆಟ್ಟದ ಬುಡದಲ್ಲಿ ಹುಟ್ಟಿ, ತಾರುಣ್ಯದ ಸಂಜೆಗಳನ್ನೆಲ್ಲ ಕಾಲ್ಚೆಂಡಿನ ಹಿಂದೆ ಓಡುವುದರಲ್ಲಿಯೇ ಕಳೆದ ನಾನು ಕೆಲವು ಮಾತುಗಳನ್ನು ನಿವೇದಿಸಿಕೊಳ್ಳಬಯಸುತ್ತೇನೆ.

ದೂರದಿಂದ ಬರುವವರ ಕಣ್ಣಿಗೆ ಆನೆಯಾಕಾರದಲ್ಲಿ ತೋರುವ ಗುಡ್ಡದಿಂದಲೇ ನಮ್ಮ ಊರಿಗೆ ಆ ಹೆಸರು ಬಂದಿತೆಂಬುದು ತಮಗೆ ತಿಳಿದೇ ಇದೆ. ನಮ್ಮ ಹುಡುಗತನದಲ್ಲಿ ಹದಿನೈದಿಪ್ಪತ್ತು ಮಂದಿ ಗೆಳೆಯರು ಕೂಡಿ ಕಟ್ಟಿಕೊಂಡ ಫುಟ್‌ಬಾಲ್ ತಂಡಕ್ಕೆ ಒಂದು ಗುರುತು ಬೇಕೆಂದಾಗ, ನನ್ನ ಅಜ್ಜಿಯು ಒಂದೊಂದು ಅಂಗಿಯ ಮೇಲೆಯೂ ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಒಂದು ಪುಟ್ಟ ಆನೆಯನ್ನು ತೆಗೆದುಕೊಟ್ಟಳು. ಹೊಲಿಗೆ ಗವಂತಿ, ದಾರಕ್ಕೆ ಗಂಟಿಲ್ಲದೆ, ಒಳಮೈಯೂ ಹೊರಮೈಯೂ ಒಂದೇ ಆಗಿ ಕಾಣುವ ಆ ಹೊಲಿಗೆಯ ಕಷ್ಟವನ್ನು ಅದನ್ನು ಹೊಲಿದವರೇ ಬಲ್ಲರು. ದಾರದ ಬಣ್ಣಗಳಾದರೋ ನಮ್ಮ ಊರಿನ ಮಗ್ಗಗಳಲ್ಲಿ ನೇಯುತ್ತ ಬಂದ ಪಟ್ಟೆದಂಚಿನ ಸೀರೆಯ ಬಣ್ಣಗಳೇ, ಅರಿಸಿನ ಮತ್ತು ಕುಂಕುಮ. ನಾಲ್ಕು ವರುಷ ಆ ಆನೆಯನ್ನು ಹೊತ್ತು ನಾವು ರೋಣದಲ್ಲಿ ಆಡಿದೆವು, ನರಗುಂದದ ಕೋಟೆಗುಡ್ಡದ ನೆರಳಿನಲ್ಲಿ ಆಡಿದೆವು, ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಐದನೆಯ ವರುಷ ಉದಾರಿಗಳೊಬ್ಬರು ಹೊಸ ಅಂಗಿಗಳನ್ನು ದಾನಮಾಡಿ, ಆನೆಯಿದ್ದ ಸ್ಥಳದಲ್ಲಿ ತಮ್ಮ ಅಂಗಡಿಯ ಗುರುತನ್ನು ಅಚ್ಚೊತ್ತಿಸಿದರು. ಹಿರಿಯರು ಒಪ್ಪಿಕೊಂಡರು, ಆಡುವ ನಮ್ಮನ್ನು ಯಾರೂ ಕೇಳಲಿಲ್ಲ. ಆ ಅಂಗಿಗಳನ್ನು ತೊಟ್ಟು ಮೊದಲ ಬಾರಿಗೆ ಕಣಕ್ಕಿಳಿದ ದಿನ, ಕೈಕುಲುಕಲು ಬಂದ ರೋಣದ ಹುಡುಗನೊಬ್ಬನು ನನ್ನ ಎದೆಯನ್ನು ನೋಡಿ, “ನಿಮ್ಮ ಆನಿ ಎಲ್ಲಿ ಹೋತೋ?” ಎಂದು ಕೇಳಿದನು. ಅವನು ಹಂಗಿಸಲಿಲ್ಲ, ನಿಜವಾಗಿಯೂ ಮರುಕದಿಂದ ಕೇಳಿದನು. ನಮ್ಮ ಗುರುತು ನಮ್ಮೊಬ್ಬರದೇ ಆಗಿರದೆ ನಮ್ಮೆದುರು ಆಡಿದವರ ಮನಸ್ಸಿನಲ್ಲಿಯೂ ಮನೆಮಾಡಿಕೊಂಡಿತ್ತೆಂಬುದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಅವನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ಇದು ಎಳೆಯರ ಭಾವುಕತೆಯೆಂದು ಯಾರಾದರೂ ತಳ್ಳಿಹಾಕಬಹುದು. ಅಂಥವರು ನಮ್ಮ ರೋಣದ ನೆರೆಯಲ್ಲಿಯೇ ಇರುವ ಬಾದಾಮಿಯ ಅರಸರನ್ನು ನೆನೆಯಬೇಕು. ಚಾಲುಕ್ಯರ ಲಾಂಛನವು ವರಾಹ. ಎಂಟನೆಯ ಶತಮಾನದ ಮಧ್ಯಭಾಗದಲ್ಲಿ ಅವರ ರಾಜ್ಯವು ರಾಷ್ಟ್ರಕೂಟರ ವಶವಾಗಿ, ವರಾಹವಿದ್ದೆಡೆಯಲ್ಲಿ ಗರುಡನು ಬಂದು ನೆಲಸಿದನು. ಎರಡು ಶತಮಾನಗಳು ಕಳೆದ ಮೇಲೆ, 973ರಲ್ಲಿ, ಇಮ್ಮಡಿ ತೈಲಪನು ಮತ್ತೆ ಚಾಲುಕ್ಯರ ಆಳ್ವಿಕೆಯನ್ನು ಸ್ಥಾಪಿಸಿದಾಗ, ಹೊಸ ರಾಜ್ಯಕ್ಕೆ ಹೊಸದೊಂದು ಲಾಂಛನವನ್ನು ಕಲ್ಪಿಸಿಕೊಳ್ಳಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ; ಆದರೂ ಕಲ್ಯಾಣದ ಚಾಲುಕ್ಯರು ಧರಿಸಿದುದು ಅದೇ ಹಳೆಯ ವರಾಹವನ್ನು. ಜನರ ನೆನಪಿನಲ್ಲಿ ಉಳಿದಿರುವ ಚಿಹ್ನೆಯು ಯಾವ ಕೋಟೆಗಿಂತಲೂ ಬಲವಾದ ಆಸ್ತಿಯೆಂಬುದನ್ನು ಆ ಅರಸರು ಅರಿತಿದ್ದರು.

ಬದಲಾವಣೆಯೇ ಕೂಡದೆಂದು ನಾನು ವಾದಿಸುತ್ತಿಲ್ಲ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಏಕೀಕರಣವಾದ ಮೇಲೆಯೂ ಹದಿನೇಳು ವರುಷ ಮೈಸೂರು ಎಂಬ ಹೆಸರಿನ ಅಡಿಯಲ್ಲಿ ಬಾಳಿದ ನಮ್ಮ ಕಡೆಯ ಜನರಿಗೆ, 1973ರ ನವೆಂಬರ್ 1ರಂದು ಈ ರಾಜ್ಯವು ಕರ್ನಾಟಕವೆನಿಸಿಕೊಂಡಾಗ ಆದ ಸಂತೋಷವನ್ನು ನಾನು ಮನೆಯ ಹಿರಿಯರ ಬಾಯಿಂದ ಕೇಳಿದವನು. ಆ ಬದಲಾವಣೆಯು ವರುಷಗಟ್ಟಲೆ ವೇದಿಕೆಗಳಲ್ಲಿ, ಪತ್ರಿಕೆಗಳಲ್ಲಿ, ವಿಧಾನಮಂಡಲದಲ್ಲಿ ಚರ್ಚಿತವಾಗಿ ಬಂದುದು, ಕೇಳಿ ಮಾಡಿದುದು.

ಕಾಲ್ಚೆಂಡಿನ ಲೋಕದಲ್ಲಿ ಕೇಳದೆ ಮಾಡಿದವರು ಪಟ್ಟ ಪಾಡಿಗೆ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬು ಒಳ್ಳೆಯ ನಿದರ್ಶನ. ಅದರ ಲಾಂಛನದ ನಡುವೆ ಇರುವುದು ಆ ಪ್ರದೇಶದ ದಿಬ್ಬದ ಮೇಲಿನ ಒಂದು ಕಲ್ಲಿನ ಗೋಪುರ, ಹಿಂದೆ ಪುಂಡರನ್ನು ರಾತ್ರಿ ಕೂಡಿಹಾಕುತ್ತಿದ್ದ ಸಣ್ಣ ಸೆರೆಮನೆ. ಆ ಗೋಪುರವನ್ನು ಕಟ್ಟಿದ್ದು 1787ರಲ್ಲಿ. ನರಗುಂದದ ಮುತ್ತಿಗೆಯಿಂದ ಮೊದಲಾದ ಟಿಪ್ಪು ಮತ್ತು ಮರಾಠರ ಯುದ್ಧವು ಗಜೇಂದ್ರಗಡದ ಒಪ್ಪಂದದಿಂದ ಕೊನೆಗಂಡ ವರುಷವೂ ಅದೇ ಎಂಬುದನ್ನು ತಿಳಿದಾಗ ನನಗೆ ಆ ಗೋಪುರದ ಮೇಲೆ ಒಂದು ಬಗೆಯ ಬಂಧುಭಾವವೇ ಹುಟ್ಟಿತು. 1938ರಿಂದ ಬಂದಿದ್ದ ಆ ಗುರುತನ್ನು 2013ರಲ್ಲಿ ಆಡಳಿತದವರು ಸರಳಗೊಳಿಸುವ ನೆಪದಲ್ಲಿ ತಿದ್ದಿ, ಗೋಪುರದ ಇಕ್ಕೆಲದ ಮಾಲೆಗಳನ್ನೂ ಅತ್ಯುತ್ತಮವಲ್ಲದುದು ಸಾಲದೆಂಬ ಅರ್ಥದ ಲ್ಯಾಟಿನ್ ಧ್ಯೇಯವಾಕ್ಯವನ್ನೂ ಕೈಬಿಟ್ಟರು. 20,000ಕ್ಕೂ ಹೆಚ್ಚು ಅಭಿಮಾನಿಗಳು ಸಹಿ ಮಾಡಿ ಪ್ರತಿಭಟಿಸಿದರು. ಕ್ಲಬ್ಬು ಕ್ಷಮೆ ಕೇಳಿತು. ಮೂರು ವಿನ್ಯಾಸಗಳನ್ನು ಅಭಿಮಾನಿಗಳ ಮುಂದಿಟ್ಟು ಮತ ಕೇಳಿತು. ಅವರು ಆರಿಸಿದ, ಧ್ಯೇಯವಾಕ್ಯವನ್ನು ಮರಳಿ ಪಡೆದ ಲಾಂಛನವು ಮರುವರುಷ ಅಂಗಿಗಳನ್ನೇರಿತು. ಲೀಡ್ಸ್ ನಗರದ ಕ್ಲಬ್ಬು 2018ರಲ್ಲಿ ಇಂಥದೇ ಸಾಹಸಕ್ಕೆ ಕೈಹಾಕಿ ಹಿಂದೆಗೆಯಿತು. ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ಸದಸ್ಯರು 2023ರಲ್ಲಿ ನೂರಕ್ಕೆ 88ಕ್ಕೂ ಮಿಕ್ಕ ಮತಗಳಿಂದ ತಮ್ಮ ಹಳೆಯ ಗುರುತನ್ನೇ ಮರಳಿ ತರಲು ನಿರ್ಧರಿಸಿದರು. ಚಾಲುಕ್ಯರಿಗೆ ಎರಡು ಶತಮಾನ ಹಿಡಿದುದು ಅವರಿಗೆ ಕೆಲವೇ ವರುಷಗಳಲ್ಲಿ ಸಾಧ್ಯವಾಯಿತು.

ನಮ್ಮ ದೇಶದಲ್ಲಿಯೂ ಉದಾಹರಣೆಯಿದೆ. 1889ರಲ್ಲಿ ಹುಟ್ಟಿ, 1911ರಲ್ಲಿ ಬಹುಪಾಲು ಬರಿಗಾಲಿನ ಆಟಗಾರರಿಂದಲೇ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿದ ಕಲ್ಕತ್ತೆಯ ಮೋಹನ್ ಬಗಾನ್ ಕ್ಲಬ್ಬಿನ ಹೆಸರಿನ ಮುಂದೆ 2020ರಲ್ಲಿ ಎಟಿಕೆ ಎಂಬ ಮೂರು ಅಕ್ಷರಗಳು ಬಂದು ಕುಳಿತವು. ಲಾಂಛನದಲ್ಲಿ ಹಾಯಿದೋಣಿಯು ಉಳಿಯಿತಾದರೂ ಆ ಮೂರು ಅಕ್ಷರಗಳನ್ನು ಅಭಿಮಾನಿಗಳು ಮೂರು ವರುಷ ಕಾಲ ಎಡೆಬಿಡದೆ ಪ್ರತಿಭಟಿಸಿದರು. 2023ರ ಮಾರ್ಚ್ 18ರ ರಾತ್ರಿ ಗೋವೆಯಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಅವರು ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನು ಗೆದ್ದಾಗ, ಆ ಅಕ್ಷರಗಳನ್ನು ತೆಗೆಯುವುದಾಗಿ ಅವರ ಒಡೆಯರು ಅಂದೇ ಘೋಷಿಸಿದರು. ಸೋಲಿನ ಸಂಕಟದಲ್ಲಿದ್ದ ನಾನು ಕೂಡ ಆ ಸುದ್ದಿಯನ್ನು ಕೇಳಿ ಹಿಗ್ಗಿದೆನು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಆಟವು ಬೇರೆಯಾದರೂ ಲಾಂಛನದ ನ್ಯಾಯವು ಒಂದೇ ಆಗಿರುವುದರಿಂದ, ರೋಣ, ನರಗುಂದ, ಗಜೇಂದ್ರಗಡಗಳ ಹುಡುಗರೂ ಬಿಡದೆ ‘ನಮ್ಮ ಆರ್‌ಸಿಬಿ’ ಎಂದು ಕರೆಯುವ ರಾಯಲ್ ಚಾಲೆಂಜರ್ಸ್ ಕ್ರಿಕೆಟ್ ತಂಡವನ್ನೇ ತೆಗೆದುಕೊಳ್ಳುತ್ತೇನೆ. 2008ರಲ್ಲಿ ಒಂದು ಮದ್ಯದ ಹೆಸರಿನಿಂದಲೂ ಅದರ ಚಿಹ್ನೆಯಿಂದಲೂ ಹುಟ್ಟಿದ ಈ ತಂಡದ ಲಾಂಛನವು 2016ರಲ್ಲಿ, 2020ರಲ್ಲಿ, 2024ರಲ್ಲಿ, ಹೀಗೆ ಮತ್ತೆ ಮತ್ತೆ ರೂಪಾಂತರ ಹೊಂದಿತು. 2020ರ ಫೆಬ್ರವರಿಯಲ್ಲಿ ತಂಡದ ಸಾಮಾಜಿಕ ಜಾಲತಾಣಗಳಿಂದ ಹಳೆಯ ಚಿತ್ರಗಳು ಇದ್ದಕ್ಕಿದ್ದಂತೆ ಮಾಯವಾದಾಗ, ನಾಯಕರಾಗಿದ್ದ ವಿರಾಟ್ ಕೊಹ್ಲಿಯವರೇ ತಮಗೆ ತಿಳಿಸಲಿಲ್ಲವೆಂದು ಬಹಿರಂಗವಾಗಿ ಬರೆದರು. ನಾಯಕನನ್ನೇ ಕೇಳದಿದ್ದಲ್ಲಿ ಗಜೇಂದ್ರಗಡದ ನೇಕಾರನ ಮಗನನ್ನು ಯಾರು ಕೇಳಿಯಾರು? ಕೇಳಿದ್ದರೆ ಅವನು ಏನೆನ್ನುತ್ತಿದ್ದನೆಂಬುದನ್ನು ಊಹಿಸಲು ಕಷ್ಟವಿಲ್ಲ. 2014ರ ನವೆಂಬರ್ 1ರಂದು ಸರ್ಕಾರವು ಬೆಂಗಳೂರೂ ಸೇರಿ ರಾಜ್ಯದ ಹನ್ನೆರಡು ನಗರಗಳ ಹೆಸರುಗಳನ್ನು ಕನ್ನಡದ ರೂಪಕ್ಕೆ ತಿದ್ದಿಯಾಗಿತ್ತು. ಅದಕ್ಕೂ ಮುಂಚೆ, 2013ರಲ್ಲಿಯೇ, ಬೆಂಗಳೂರು ಎಫ್‌ಸಿಯವರು ತಮ್ಮ ಕ್ಲಬ್ಬನ್ನು ಬೆಂಗಳೂರು ಎಂದೇ ಹೆಸರಿಸಿದ್ದರು. ಲಾಂಛನದ ಸಿಂಹವನ್ನು ಹಿಗ್ಗಿಸುವುದಕ್ಕಿಂತ ಮೊದಲು ತಂಡದ ಹೆಸರಿನಲ್ಲಿರುವ ಬ್ಯಾಂಗಲೋರನ್ನು ಬೆಂಗಳೂರೆಂದು ಮಾಡಿರೆಂದು ಆ ಹುಡುಗನು ಹೇಳುತ್ತಿದ್ದನು. 2020ರಲ್ಲಿ ಸಿಂಹವು ಬೆಳೆಯಿತು, ಬ್ಯಾಂಗಲೋರು ಹಾಗೆಯೇ ಉಳಿಯಿತು. ಆ ಒಂದು ತಿದ್ದುಪಡಿಗಾಗಿ 2024ರ ಮಾರ್ಚ್ 19ರವರೆಗೆ ಕಾಯಬೇಕಾಯಿತು. ಇಂದಿಗೂ ಆ ಲಾಂಛನದಲ್ಲಿ ಕನ್ನಡದ ಒಂದಕ್ಷರವಿಲ್ಲ. ಹದಿನೆಂಟು ಆವೃತ್ತಿಗಳ ಕಾಲ ಕಪ್ಪಿಗಾಗಿ ಹಂಬಲಿಸಿ, ‘ಈ ಸಲ ಕಪ್ ನಮ್ದೇ’ ಎಂದು ಕೂಗಿ, 2025ರ ಜೂನ್‌ನಲ್ಲಿ ಕೊನೆಗೂ ಅದು ನಿಜವಾದುದನ್ನು ಕಂಡ ಜನರ ನಿಷ್ಠೆಗೆ ಇದು ತಕ್ಕ ಪ್ರತಿಫಲವೆಂದು ನನಗೆ ತೋರುವುದಿಲ್ಲ.

ಈ ಪತ್ರವನ್ನು ಈಗಲೇ ಬರೆಯಲು ಕಾರಣವೂ ಇದೆ. ಆರ್‌ಸಿಬಿ ತಂಡದ ಒಡೆತನವನ್ನು ಆಗ ಹೊಂದಿದ್ದ ಸಂಸ್ಥೆಯು ಅದರಲ್ಲಿನ ತನ್ನ ಹೂಡಿಕೆಯನ್ನು ಪುನಃ ಪರಿಶೀಲಿಸುತ್ತಿರುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಒಡೆತನವು ಕೈಯಿಂದ ಕೈಗೆ ಹೋಗುವ ಸಂದರ್ಭವೇ ಲಾಂಛನಗಳಿಗೆ ಅಪಾಯದ ಸಂದರ್ಭ; ವೇಲ್ಸಿನ ಕಾರ್ಡಿಫ್ ನಗರದಲ್ಲಿ ಹೊಸ ಒಡೆಯರು 2012ರಲ್ಲಿ ತಂಡದ ನೀಲಿ ಅಂಗಿಯನ್ನು ಕೆಂಪು ಮಾಡಿ, ನೀಲಿ ಹಕ್ಕಿಯನ್ನು ಮೂಲೆಗೊತ್ತಿ ಡ್ರ್ಯಾಗನ್ನನ್ನು ಮೆರೆಸಿದುದನ್ನೂ, 2015ರಲ್ಲಿ ಜನರ ಹಟಕ್ಕೆ ಮಣಿದು ಮತ್ತೆ ನೀಲಿಗೆ ಮರಳಿದುದನ್ನೂ ನಮ್ಮವರು ನೆನಪಿನಲ್ಲಿಡಬೇಕು.

ಆದುದರಿಂದ ಬೆಂಗಳೂರಿನ ಹೆಸರನ್ನು ಹೊತ್ತ ತಂಡಗಳನ್ನು ನಡೆಸುವ ಎಲ್ಲರಲ್ಲಿಯೂ, ಚೆಂಡು ಯಾವುದೇ ಇರಲಿ, ತಮ್ಮ ಪತ್ರಿಕೆಯ ಮೂಲಕ ನನ್ನ ಬೇಡಿಕೆಯಿಷ್ಟು: ಇನ್ನು ಮುಂದೆ ಲಾಂಛನವನ್ನು ಮುಟ್ಟುವ ಮೊದಲು ಎರಡೋ ಮೂರೋ ವಿನ್ಯಾಸಗಳನ್ನು, ಹಳೆಯದನ್ನೂ ಸೇರಿಸಿ, ಒಂದು ತಿಂಗಳ ಕಾಲ ಬಹಿರಂಗವಾಗಿ ಜನರ ಮುಂದಿಡಬೇಕು, ಅವುಗಳಲ್ಲಿ ಒಂದರಲ್ಲಾದರೂ ಊರಿನ ಹೆಸರು ಕನ್ನಡದ ಲಿಪಿಯಲ್ಲಿರಬೇಕು, ಮತವನ್ನು ಬೆಂಗಳೂರಿನ ಕ್ರೀಡಾಂಗಣದ ಟಿಕೆಟು ಕೊಂಡವರಿಗಷ್ಟೇ ಸೀಮಿತಗೊಳಿಸದೆ, ಅಲ್ಲಿಗೆ ಎಂದೂ ಹೋಗಲಾರದ ನಮ್ಮಂಥ ಊರುಗಳ ಅಭಿಮಾನಿಗಳಿಗೂ ಕೊಡಬೇಕು. ತಮ್ಮ ಕ್ರೀಡಾಪುಟದಲ್ಲಿ ಆ ವಿನ್ಯಾಸಗಳನ್ನು ಅಚ್ಚುಮಾಡಿ ಓದುಗರ ಅಭಿಪ್ರಾಯವನ್ನು ಕರೆಯುವ ಕಾರ್ಯವನ್ನು ತಾವು ವಹಿಸಿಕೊಂಡರೆ, ಗಜೇಂದ್ರಗಡದಿಂದ ಮೊದಲ ಕಾಗದವು ನನ್ನದೇ ಆಗಿರುವುದು.

ಇತಿ ತಮ್ಮ ವಿಶ್ವಾಸಿ,
ಹಳೆಯ ಆಟಗಾರನಾದ ಒಬ್ಬ ವಾಚಕ
ಗಜೇಂದ್ರಗಡ