ಬೀಗದ ಕೈ ಯಾರ ಜೇಬಿನಲ್ಲಿದೆ?

ಫುಲೇರಾ ಪಂಚಾಯಿತಿಯ ಬೀಗದ ಕೈ ಕಳೆದುಹೋದ ಕಥೆ ಬಹಳ ಜನರಿಗೆ ನೆನಪಿರಬಹುದು. 2020ರ ಏಪ್ರಿಲ್‌ನಲ್ಲಿ, ದೇಶವೆಲ್ಲ ಲಾಕ್‌ಡೌನ್‌ನಲ್ಲಿ ಮನೆ ಹಿಡಿದು ಕೂತಿದ್ದಾಗ, ಅಮೆಜಾನ್ ಪ್ರೈಮ್‌ನಲ್ಲಿ ಬಂದ ‘ಪಂಚಾಯತ್’ ಹಿಂದಿ ಸರಣಿಯ ಮೊದಲ ಕಂತು ಅದು. ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಒಂದು ಕಾಲ್ಪನಿಕ ಹಳ್ಳಿ. ಹೊಸದಾಗಿ ಬಂದ ಕಾರ್ಯದರ್ಶಿ ಅಭಿಷೇಕ್ ತ್ರಿಪಾಠಿ ಕಚೇರಿಯ ಬಾಗಿಲಲ್ಲಿ ಕಾಯುತ್ತಿದ್ದಾನೆ. ಬೀಗದ ಕೈ ಇದ್ದದ್ದು ‘ಪ್ರಧಾನ್ ಜೀ’ ಹತ್ತಿರ. ಅದು ಹೊಲದಲ್ಲಿ ಎಲ್ಲೋ ಬಿದ್ದುಹೋಗಿದೆ. ಆ ಹುಡುಕಾಟ ನೋಡಿ ನಾವೆಲ್ಲ ನಕ್ಕೆವು.

ಆದರೆ ಊರೆಲ್ಲ ‘ಪ್ರಧಾನ್ ಜೀ’ ಎಂದು ಕರೆಯುವ ಬ್ರಿಜ್ ಭೂಷಣ್ ದುಬೆ ಪ್ರಧಾನರೇ, ಅಂದರೆ ಪಂಚಾಯಿತಿಯ ಮುಖ್ಯಸ್ಥರೇ ಅಲ್ಲ. ಸ್ಥಾನ ಮಹಿಳೆಗೆ ಮೀಸಲಾಗಿತ್ತು, ಗೆದ್ದವರು ಅವರ ಹೆಂಡತಿ ಮಂಜುದೇವಿ. ಆಕೆ ಅಡುಗೆಮನೆಯಲ್ಲಿದ್ದಾರೆ, ಬೀಗದ ಕೈ ಇದ್ದದ್ದು ಗಂಡನ ಜೇಬಿನಲ್ಲಿ. ಅದು ಅವರ ಜೇಬಿಗೆ ಹೋದದ್ದು ಹೇಗೆ ಎಂಬ ಪ್ರಶ್ನೆಯನ್ನು ಸರಣಿ ಆ ಕಂತಿನಲ್ಲಿ ಕೇಳುವುದಿಲ್ಲ. ನಾವೂ ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

‘ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಾರೆ, ಹಾಸ್ಯಕ್ಕೆ ಇಷ್ಟು ಸಿಟ್ಟೇಕೆ’ ಎಂದು ಸ್ನೇಹಿತರು ಹೇಳುತ್ತಾರೆ. ಈ ದಂಪತಿಯ ಪಾತ್ರ ಮಾಡಿದ ರಘುವೀರ್ ಯಾದವ್ ಮತ್ತು ನೀನಾ ಗುಪ್ತಾ ಅವರ ಅಭಿನಯಕ್ಕೆ ನಾನೂ ತಲೆದೂಗಿದವನೇ. ಎರಡನೆಯ ಭಾಗಕ್ಕೆ 2023ರ ಗೋವಾ ಚಿತ್ರೋತ್ಸವದಲ್ಲಿ ಅತ್ಯುತ್ತಮ ವೆಬ್ ಸರಣಿ ಪ್ರಶಸ್ತಿಯೂ ಬಂತು. ಆದರೆ ಇದ್ದದ್ದನ್ನು ತೋರಿಸುವಾಗ ಯಾರ ಪಕ್ಕ ನಿಂತು ತೋರಿಸುತ್ತೇವೆ ಎಂಬುದು ಮುಖ್ಯ. ಇಲ್ಲಿ ಕಥೆಯ ಅಂತಃಕರಣವೆಲ್ಲ ಗಂಡನ ಪಾಲಿಗೆ ಹರಿದಿದೆ. ಹೆಂಡತಿಯ ಅಧಿಕಾರವನ್ನು ತಾನು ನಡೆಸುವ ಮನುಷ್ಯ ಮುಗ್ಧ, ಒಳ್ಳೆಯ, ಸ್ವಲ್ಪ ಜಿಪುಣ ಹಿರಿಯನಾಗಿ ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದಾನೆ.

ಮೊದಲ ಭಾಗದ ಕೊನೆಯ ಕಂತನ್ನೇ ನೋಡಿ. ಗಣರಾಜ್ಯೋತ್ಸವದ ದಿನ ಧ್ವಜ ಹಾರಿಸಬೇಕಾದವರು ಮಂಜುದೇವಿ. ಅವರಿಗೆ ರಾಷ್ಟ್ರಗೀತೆ ಬಾರದು. ಕಲಿಯುತ್ತಾರೆ, ತಡವರಿಸುತ್ತಾರೆ, ನಮ್ಮ ಕಣ್ಣು ಒದ್ದೆಯಾಗುತ್ತದೆ. ಆದರೆ ಅಲ್ಲಿ ಗಂಡ ಕುರ್ಚಿ ಹಿಡಿದು ಕೂತ ಸಂಗತಿ ಹಿಂದೆ ಸರಿದು, ಹೆಂಡತಿಗೆ ತಿಳಿವಳಿಕೆ ಸಾಲದು ಎಂಬುದೇ ಮುಂದೆ ಬಂದು ನಿಲ್ಲುತ್ತದೆ. ತಪ್ಪು ಯಾರದೋ, ಪಾಠ ಯಾರಿಗೋ. ಮುಂದಿನ ಭಾಗಗಳಲ್ಲಿ ಮಂಜುದೇವಿ ಬಾಯಿ ಬಿಡುತ್ತಾರೆ, ಗಟ್ಟಿಯಾಗುತ್ತಾರೆ, ನಿಜ. ಆದರೆ 2025ರ ನಾಲ್ಕನೆಯ ಭಾಗದ ಚುನಾವಣೆಯಲ್ಲಿ ಮಂಜುದೇವಿಯ ಎದುರು ನಿಂತ ಕ್ರಾಂತಿದೇವಿಯೂ ಇನ್ನೊಬ್ಬ ಗಂಡನ ಹೆಂಡತಿಯೇ. ಮತಪತ್ರದಲ್ಲಿ ಇಬ್ಬರು ಹೆಂಗಸರು, ಅಖಾಡದಲ್ಲಿ ಇಬ್ಬರು ಗಂಡಸರು. ದುಬೆ, ತ್ರಿಪಾಠಿ, ಶುಕ್ಲಾ, ಪಾಂಡೆ ಎಂಬ ಬ್ರಾಹ್ಮಣ ಹೆಸರುಗಳೇ ತುಂಬಿದ ಆ ಕಚೇರಿಯ ಸುತ್ತ ದಲಿತರ ಕೇರಿ ಎಲ್ಲಿದೆ ಎಂದು ಹಲವರು ಈಗಾಗಲೇ ಕೇಳಿದ್ದಾರೆ. ಸರಿಯಾಗಿಯೇ ಕೇಳಿದ್ದಾರೆ.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ನಮ್ಮ ಕಡೆಯ ಒಂದು ಗ್ರಾಮ ಪಂಚಾಯಿತಿಗೆ ಆಸ್ತಿ ದಾಖಲೆಯ ಇ-ಸ್ವತ್ತಿನ ಕೆಲಸಕ್ಕೆ ಹೋಗಿದ್ದೆ. ಕೊಳವೆಬಾವಿಯ ಮೋಟಾರು ರೀವೈಂಡಿಂಗ್ ಮಾಡಿದ ಹುಡುಗ ಬಿಲ್ಲಿಗಾಗಿ ಬೆಂಚಿನ ಮೇಲೆ ಕಾದು ಕೂತಿದ್ದ. ಅಧ್ಯಕ್ಷೆ ತಮ್ಮ ಕುರ್ಚಿಯಲ್ಲೇ ಇದ್ದರು. ಬಾಗಿಲಲ್ಲಿ ಕಂಡ ನೀರುಗಂಟಿಯನ್ನು ಕರೆದು, ‘ಮೇಲ್ಗಡೆ ಕೇರಿಗೆ ನೆನ್ನೆ ನೀರು ಬಿಟ್ಯೇನಪ್ಪ? ಗುಡಿ ಹತ್ರ ವಾಲ್ವ್ ಸೋರ್ತಿತ್ತಲ್ಲ, ಏನ್ಮಾಡ್ದೆ?’ ಎಂದು ವಿಚಾರಿಸಿದರು. ಯಾವ ಓಣಿಗೆ ಎಷ್ಟು ದಿನದಿಂದ ನೀರಿಲ್ಲ, ಯಾವ ಮನೆಯವರು ಪೈಪಿಗೆ ಮೋಟಾರು ಹಚ್ಚಿ ಎಳೆಯುತ್ತಾರೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಬಿಲ್ಲಿನ ಮಾತು ಬಂದಾಗ ಮಾತ್ರ ಸುಮ್ಮನಾದರು. ಹಣ ಬಿಡುಗಡೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು; ಆ ಸಹಿ ಇರುವುದು ಡೊಂಗಲ್ ಎಂಬ ಪುಟ್ಟ ಸಾಧನದಲ್ಲಿ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ತಲೆ ಎತ್ತದೆ ಹೇಳಿದ: ‘ಮೇಡಮ್ಮೋರ ಡೊಂಗಲ್ ಯಜಮಾನ್ರ ಹತ್ರ ಐತೆ. ಅವ್ರು ಸಂತೆಗೋಗವ್ರೆ, ನಾಳೆ ಬಾ.’

ಆ ಹೆಣ್ಣುಮಗಳಿಗೆ ಊರಿನ ನೀರಿನ ವಿಷಯ ತಿಳಿಯದು ಎಂದು ಯಾರೂ ಹೇಳಲಾರರು. ಅವರ ಬಳಿ ಇಲ್ಲದ್ದು ಒಂದು ಡೊಂಗಲ್ ಮಾತ್ರ.

ಹೆಣ್ಣಿನ ಕೈಗೆ ಪಂಚಾಯಿತಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವೂ ಇದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಮುಖ್ಯಸ್ಥ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಹಣ ಹಾಕಿದ್ದವು. ಗಂಡಂದಿರ ನೆರಳು ಅಲ್ಲಿಯೂ ಇದ್ದೀತು. ಆದರೂ ನೀರು ಬಂತು.

ಕರ್ನಾಟಕಕ್ಕೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೀಸಲಾತಿ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕೂ ಮೊದಲೇ ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಕಾಯ್ದೆ ನಮ್ಮಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಈಗ ಮೀಸಲು ಅರ್ಧಕ್ಕೆ ಏರಿದೆ. ನೀರ್ ಸಾಬ್ ಎಂದೇ ಜನ ಕರೆದ ಮನುಷ್ಯನ ನಾಡಿನಲ್ಲಿ ನೀರಿನ ಬಿಲ್ಲಿಗೆ ಅಧ್ಯಕ್ಷೆಯ ಗಂಡ ಸಂತೆಯಿಂದ ಬರಬೇಕು ಎಂಬುದು ನನ್ನನ್ನು ತುಂಬ ಕಾಡುತ್ತದೆ.

2025ರ ಮಾರ್ಚ್‌ನಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಇದೇ ಸರಣಿಯ ನಿರ್ಮಾಪಕರನ್ನು ಜೊತೆಗಿಟ್ಟುಕೊಂಡು, ನೀನಾ ಗುಪ್ತಾ ಅವರೇ ನಟಿಸಿದ ‘ಅಸ್ಲಿ ಪ್ರಧಾನ್ ಕೌನ್?’ (ನಿಜವಾದ ಪ್ರಧಾನ ಯಾರು?) ಎಂಬ ಕಿರುಚಿತ್ರ ಬಿಡುಗಡೆ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಅದೇ ದಿನಗಳಲ್ಲಿ ಛತ್ತೀಸಗಢದ ಕಬೀರ್‌ಧಾಮ್ ಜಿಲ್ಲೆಯ ಪರಸ್ವಾರಾ ಗ್ರಾಮದಲ್ಲಿ ಗೆದ್ದಿದ್ದ ಆರು ಮಹಿಳೆಯರ ಬದಲು ಅವರ ಗಂಡಂದಿರು ಪ್ರಮಾಣವಚನ ತೆಗೆದುಕೊಂಡರು. ವಿಡಿಯೊ ಹರಡಿ ಗದ್ದಲವಾದ ಮೇಲೆ ಪಂಚಾಯಿತಿ ಕಾರ್ಯದರ್ಶಿಯನ್ನು ಅಮಾನತು ಮಾಡಿದರು. ಕಿರುಚಿತ್ರ ಒಂದರಿಂದ ಈ ರೋಗ ವಾಸಿಯಾಗದು.

ಗಂಡಂದಿರ ದರ್ಬಾರಿನ ಬಗ್ಗೆ ಕೇಂದ್ರ ನೇಮಿಸಿದ್ದ ಸಮಿತಿ ಕಠಿಣ ದಂಡನೆಯ ಶಿಫಾರಸು ಮಾಡಿದೆ. ದಂಡನೆ ಬೇಕು. ಆದರೆ ಅದು ಯಾರ ಮೇಲೆ ಬೀಳುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಬೇರೆಯವರು ಅಧಿಕಾರ ನಡೆಸಿದರು ಎಂದು ಗೆದ್ದ ಮಹಿಳೆಯ ಸದಸ್ಯತ್ವವನ್ನೇ ಕಿತ್ತುಕೊಂಡರೆ, ಕಳುವಾದ ಮನೆಯವರಿಗೇ ದಂಡ ಹಾಕಿದಂತೆ. ಸಭೆಯಲ್ಲಿ ಅಧ್ಯಕ್ಷೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುವ ಗಂಡ, ಮಗ, ಮೈದುನನ ಮೇಲೆ ಕೇಸು ಆಗಬೇಕು. ಅವರನ್ನು ಕೂರಲು ಬಿಟ್ಟ ಅಧಿಕಾರಿ ಲಿಖಿತವಾಗಿ ಉತ್ತರ ಕೊಡಬೇಕು. ಡಿಜಿಟಲ್ ಸಹಿಗೆ ಅಧ್ಯಕ್ಷೆಯ ಬೆರಳಚ್ಚೇ ಬೇಕು ಎಂದಾಗಬೇಕು. ಇನ್ನೊಂದು ಮಾತು: ನಮ್ಮಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. ಕೆಲಸದ ಒಳಹೊರಗು ತಿಳಿಯುವ ಹೊತ್ತಿಗೆ ಮೀಸಲಾತಿಯ ಸರದಿ ಬದಲಾಗಿ ಆಕೆ ಕುರ್ಚಿ ಬಿಟ್ಟಿರುತ್ತಾರೆ. ಐದು ವರ್ಷ ಕೊಡಿ.

ಇಷ್ಟನ್ನು ಸರ್ಕಾರ ಮಾಡಬೇಕು. ನಮ್ಮ ಕೈಯಲ್ಲಿರುವುದು ಇನ್ನೊಂದಿದೆ. ಅಧ್ಯಕ್ಷೆಯ ಗಂಡನನ್ನು ‘ಅಧ್ಯಕ್ಷರೇ’ ಎಂದು ಕರೆದು ನಮಸ್ಕಾರ ಹಾಕುವವರು ನಾವೇ. ನೀರಿನ ದೂರಿಗೆ ಅವನ ಮೊಬೈಲಿಗೇ ಫೋನ್ ಮಾಡುವವರೂ ನಾವೇ. ನಿಮ್ಮೂರಿನ ಅಧ್ಯಕ್ಷೆಯ ನಂಬರು ನಿಮ್ಮ ಫೋನಿನಲ್ಲಿ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ತೆಗೆದು ನೋಡಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಅಧ್ಯಕ್ಷೆಯ ಪಕ್ಕದಲ್ಲಿ ಗಂಡ ಕೂತಿದ್ದರೆ ಎದ್ದು ನಿಂತು ಆಕ್ಷೇಪಿಸಿ, ಆಕ್ಷೇಪ ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಕೂರಬೇಡಿ. ಅರ್ಜಿಯನ್ನು ಅಧ್ಯಕ್ಷೆಯ ಕೈಗೇ ಕೊಡಿ.